ಆರೋಗ್ಯ ವಿಮೆ ಮತ್ತು ಮೊದಲೇ ಇದ್ದ ಕಾಯಿಲೆ: ನಾವು ತಿಳಿದಿರಬೇಕಾದ ಸಂಗತಿಗಳು

(ವಿದ್ಯಾಗಿರಿಯಲ್ಲಿ ಸಂಸ್ಥೆಯ ಸದಸ್ಯರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹರೂಪ)





ವಿದ್ಯಾಸಂಸ್ಥೆಯ ವೇದಿಕೆಯ ಮೇಲೆ ವಿಮೆಯ ಮಾತು ಯಾಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಕಾರಣ ಸರಳವಾಗಿದೆ. ನಮ್ಮ ಮಕ್ಕಳ ಓದು ಅರ್ಧಕ್ಕೆ ನಿಲ್ಲಲು ಬಡತನ ಕಾರಣ ಎನ್ನುತ್ತೇವೆ. ಆದರೆ ಚೆನ್ನಾಗಿಯೇ ನಡೆಯುತ್ತಿದ್ದ ಮನೆಗೆ ಒಂದೇ ವಾರದಲ್ಲಿ ಬಡತನ ತರುವುದು ಆಸ್ಪತ್ರೆಯ ಬಿಲ್ಲು. ಅಬ್ಬಾಗೆ ಎದೆನೋವು ಬಂತು, ಅಮ್ಮಿಯ ಕಿಡ್ನಿ ಕೆಟ್ಟಿತು ಎಂದಾಗ ಮೊದಲು ಒಡವೆ ಹೋಗುತ್ತದೆ, ಆಮೇಲೆ ಸಾಲ ಬರುತ್ತದೆ, ಕೊನೆಗೆ ಮಗನ ಅಥವಾ ಮಗಳ ಕಾಲೇಜು ನಿಲ್ಲುತ್ತದೆ. ಇದನ್ನು ತಡೆಯಲೆಂದು ವಿಮೆ ಮಾಡಿಸಿದ ಮನೆಯವರಿಗೂ ಹಣ ಸಿಗದೆ ಹೋದರೆ ಆ ನೋವು ಇಮ್ಮಡಿಯಾಗುತ್ತದೆ. ಹಣ ನಿರಾಕರಿಸುವಾಗ ಕಂಪನಿಗಳು ಮತ್ತೆ ಮತ್ತೆ ಹೇಳುವ ಕಾರಣ ಒಂದಿದೆ: "ಈ ಕಾಯಿಲೆ ಪಾಲಿಸಿ ತೆಗೆದುಕೊಳ್ಳುವುದಕ್ಕೆ ಮೊದಲೇ ಇತ್ತು, ನೀವು ತಿಳಿಸಲಿಲ್ಲ." ಇಂದು ಈ ಒಂದು ವಾಕ್ಯದ ಬಗ್ಗೆಯೇ ಮಾತನಾಡಲು ಬಯಸುತ್ತೇನೆ.

ಮೊದಲಿಗೆ ಸ್ವಲ್ಪ ಹಿನ್ನೆಲೆ. ನಮ್ಮ ದೇಶದಲ್ಲಿ ಸಾಮಾನ್ಯ ವಿಮಾ ಕಂಪನಿಗಳು 1973ರಲ್ಲಿ ಸರ್ಕಾರದ ಒಡೆತನಕ್ಕೆ ಬಂದವು. ಆ ಸರ್ಕಾರಿ ಕಂಪನಿಗಳು 1986ರಲ್ಲಿ ಮೆಡಿಕ್ಲೇಮ್ ಎಂಬ ಪಾಲಿಸಿಯನ್ನು ತಂದವು. 1999ರ ಕಾಯ್ದೆಯಿಂದ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರಕ್ಕೆ ಕಾನೂನಿನ ಬಲ ಬಂತು, 2000ದಿಂದ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. ಇಂದು ಬಾಗಲಕೋಟೆ, ಬದಾಮಿ, ಹುನಗುಂದ, ಇಳಕಲ್ಲಿನಂಥ ಊರುಗಳಲ್ಲಿಯೂ ಏಜೆಂಟರು ಮನೆ ಬಾಗಿಲಿಗೆ ಬರುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ ಜಿಎಸ್‌ಟಿಯನ್ನೂ ತೆಗೆಯಲಾಗಿದೆ. ಹೀಗಾಗಿ ಪಾಲಿಸಿ ಕೊಳ್ಳುವವರು ಹೆಚ್ಚಾಗುತ್ತಿದ್ದಾರೆ. ಕೊಳ್ಳುವ ಮೊದಲು ಓದುವವರು ಮಾತ್ರ ಕಡಿಮೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಮೊದಲೇ ಇದ್ದ ಕಾಯಿಲೆ ಎಂದರೆ ಯಾವುದು? ಪ್ರಾಧಿಕಾರದ ಈಗಿನ ನಿಯಮದ ಪ್ರಕಾರ, ಪಾಲಿಸಿ ಆರಂಭವಾಗುವುದಕ್ಕೆ ಹಿಂದಿನ 36 ತಿಂಗಳೊಳಗೆ ವೈದ್ಯರು ಪತ್ತೆ ಹಚ್ಚಿದ ಅಥವಾ ವೈದ್ಯರು ಸಲಹೆ, ಚಿಕಿತ್ಸೆ ನೀಡಿದ ಯಾವುದೇ ಕಾಯಿಲೆ, ಗಾಯ ಅಥವಾ ತೊಂದರೆ. ಶುಗರ್, ಬಿಪಿ, ಥೈರಾಯ್ಡ್, ದಮ್ಮು, ಹೃದಯದ ತೊಂದರೆ ಇವೆಲ್ಲ ಇದರಲ್ಲಿ ಬರುತ್ತವೆ. "ನನಗೆ ಶುಗರ್ ಇದೆ, ಆದರೆ ಗುಳಿಗೆಯಿಂದ ಹತೋಟಿಯಲ್ಲಿದೆ, ಅದೇನು ಕಾಯಿಲೆ?" ಎಂದು ಹೇಳುವವರಿದ್ದಾರೆ. ಗುಳಿಗೆ ನುಂಗುತ್ತಿದ್ದೀರಿ ಎಂದ ಮೇಲೆ ವಿಮೆಯ ಲೆಕ್ಕದಲ್ಲಿ ಅದು ಕಾಯಿಲೆಯೇ.

ಅಂಥ ಕಾಯಿಲೆ ಇದ್ದವರಿಗೆ ವಿಮೆಯೇ ಇಲ್ಲವೆಂದು ತಿಳಿಯಬೇಡಿ. ವಿಮೆ ಸಿಗುತ್ತದೆ, ಆದರೆ ಆ ಕಾಯಿಲೆಯ ಮಟ್ಟಿಗೆ ಕಾಯುವ ಅವಧಿ ಇರುತ್ತದೆ. ಈ ಅವಧಿ ಹಿಂದೆ 48 ತಿಂಗಳವರೆಗೆ ಇತ್ತು. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ಅದನ್ನು ಗರಿಷ್ಠ 36 ತಿಂಗಳಿಗೆ ಇಳಿಸಿವೆ. ಕೆಲವು ಪಾಲಿಸಿಗಳಲ್ಲಿ ಇದಕ್ಕಿಂತಲೂ ಕಡಿಮೆ ಇರುತ್ತದೆ. ಇದಲ್ಲದೆ ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಮೊದಲ 30 ದಿನ ಹಣ ಸಿಗುವುದಿಲ್ಲ.

ಕಾಯಿಸುವುದು ಅನ್ಯಾಯವಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ವಿಮೆ ಎಂದರೆ ಸಾವಿರ ಜನ ಸೇರಿ ತುಂಬಿಸುವ ಒಂದು ಹುಂಡಿ. ಆ ವರ್ಷ ಆಪತ್ತು ಬಂದ ಕೆಲವರಿಗೆ ಅದರಿಂದ ಹಣ ಹೋಗುತ್ತದೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಂದು ಹುಂಡಿಗೆ ಹಣ ಹಾಕುತ್ತೇನೆ ಎಂದರೆ ಉಳಿದವರ ಹಣ ಉಳಿಯುವುದಿಲ್ಲ. ಅದಕ್ಕಾಗಿ ಈ ಕಾಯುವ ಅವಧಿ. ಅಮೆರಿಕದಲ್ಲಿ 2010ರ ಕಾಯ್ದೆಯಂತೆ 2014ರಿಂದ ಹಳೆಯ ಕಾಯಿಲೆಯ ನೆಪ ಹೇಳಿ ಕಂಪನಿಗಳು ವಿಮೆ ನಿರಾಕರಿಸುವಂತಿಲ್ಲ. ಆದರೆ ಅಲ್ಲಿಯೂ ಆರೋಗ್ಯವಂತರನ್ನು ಸೇರಿಸಿಕೊಳ್ಳಲು, ಎಲ್ಲರೂ ವಿಮೆ ಮಾಡಿಸಲೇಬೇಕು ಎಂಬ ನಿಯಮವನ್ನು ಅದೇ ಕಾಯ್ದೆಯಲ್ಲಿ ಜೊತೆಗೇ ತರಬೇಕಾಯಿತು. ಹುಂಡಿ ದೊಡ್ಡದಾದಷ್ಟೂ ಕರಾರು ಸಡಿಲವಾಗುತ್ತದೆ.

ಈ ಮಾತಿಗೆ ನಮ್ಮ ಜಿಲ್ಲೆಯ ನೇಕಾರರೇ ಸಾಕ್ಷಿ. ಕೇಂದ್ರ ಸರ್ಕಾರ 2005-06ರಲ್ಲಿ ಕೈಮಗ್ಗ ನೇಕಾರರಿಗಾಗಿ ಒಂದು ಆರೋಗ್ಯ ವಿಮಾ ಯೋಜನೆ ತಂದಿತು. ಅದನ್ನು ನಡೆಸಿದ್ದು ಖಾಸಗಿ ಕಂಪನಿಯಾದ ಐಸಿಐಸಿಐ ಲೊಂಬಾರ್ಡ್. ನೇಕಾರ, ಆತನ ಹೆಂಡತಿ ಮತ್ತು ಇಬ್ಬರು ಮಕ್ಕಳಿಗೆ ಸೇರಿ ವರ್ಷಕ್ಕೆ 15,000 ರೂಪಾಯಿ ಮಿತಿ. ಮೊತ್ತ ಸಣ್ಣದು. ಆದರೆ ಹೊಸ ಕಾಯಿಲೆಗಳ ಜೊತೆಗೆ ಮೊದಲೇ ಇದ್ದ ಕಾಯಿಲೆಗಳೂ ಅದರಲ್ಲಿ ಸೇರಿದ್ದವು. ಇಳಕಲ್ ಸೀರೆ, ಗುಳೇದಗುಡ್ಡದ ಖಣ ನೇಯುವ ಕೈಗಳಿಗೆ ಬೆನ್ನುನೋವು, ದಮ್ಮು, ಕಣ್ಣಿನ ತೊಂದರೆ ಹೊಸವಲ್ಲ. ಬಿಡಿ ಪಾಲಿಸಿಗೆ ಅರ್ಜಿ ಹಾಕಿದ್ದರೆ ಇವೆಲ್ಲ ಹಳೆಯ ಕಾಯಿಲೆಗಳೆಂದು ಹೊರಗೆ ಉಳಿಯುತ್ತಿದ್ದವು. ಲಕ್ಷಾಂತರ ನೇಕಾರರು ಒಟ್ಟಿಗೆ ಸೇರಿದ್ದರಿಂದ ಒಳಗೆ ಬಂದವು. ಆ ಯೋಜನೆ ಈಗಿಲ್ಲ. ಅದು ಕಲಿಸಿದ ಪಾಠ ಮಾತ್ರ ಉಳಿದಿದೆ. 2003ರಲ್ಲಿ ವರ್ಷಕ್ಕೆ ಒಬ್ಬರಿಗೆ 60 ರೂಪಾಯಿಯಂತೆ ಆರಂಭವಾದ ಯಶಸ್ವಿನಿ ಯೋಜನೆಯೂ ಇದೇ ತತ್ವದ ಮೇಲೆ ನಿಂತಿತ್ತು. 2018ರಲ್ಲಿ ನಿಂತುಹೋದ ಅದು 2023ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಮತ್ತೆ ಆರಂಭವಾಗಿದೆ.

ಇನ್ನು ತೊಂದರೆ ಎಲ್ಲಿ ಹುಟ್ಟುತ್ತದೆ ಎಂಬುದನ್ನು ನೋಡೋಣ. ಅದು ಹುಟ್ಟುವುದು ಅರ್ಜಿ ತುಂಬುವ ಹೊತ್ತಿನಲ್ಲಿ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಐವತ್ತೆರಡು ವರ್ಷದ ಒಬ್ಬ ಅಂಗಡಿಕಾರರಿಗೆ ಆರು ವರ್ಷದಿಂದ ಶುಗರ್ ಇದೆ. ಐದು ಲಕ್ಷ ರೂಪಾಯಿ ಪಾಲಿಸಿಗೆ ಏಜೆಂಟ್ ಅರ್ಜಿ ತುಂಬುತ್ತಾನೆ. "ಸಾಹೇಬ್ರ, ಶುಗರ್ ಬರಿಯೂದು ಬ್ಯಾಡ್ರಿ, ಪ್ರೀಮಿಯಂ ಜಾಸ್ತಿ ಆಕ್ಕೈತಿ" ಎನ್ನುತ್ತಾನೆ. ಕಾಯಿಲೆಯ ಕಾಲಂನಲ್ಲಿ "ಇಲ್ಲ" ಎಂದು ಬೀಳುತ್ತದೆ. ಇವರು ಓದದೆ ಸಹಿ ಹಾಕುತ್ತಾರೆ, ಇಲ್ಲವೇ ಮೊಬೈಲಿಗೆ ಬಂದ ಒಟಿಪಿ ಹೇಳುತ್ತಾರೆ. ಎರಡು ವರ್ಷ ಕಳೆದು ಹೃದಯಾಘಾತವಾಗುತ್ತದೆ. ತುರ್ತು ಚಿಕಿತ್ಸಾ ಘಟಕದಲ್ಲಿ ವೈದ್ಯರು ಕೇಳಿದಾಗ ಮಗ ಸತ್ಯವನ್ನೇ ಹೇಳುತ್ತಾನೆ: "ಎಂಟು ವರ್ಷ ಆತ್ರಿ ಸರ್, ಶುಗರಿನ ಗುಳಿಗಿ ತಗೋತಾರ." ಕೇಸ್ ಶೀಟಿನಲ್ಲಿ ಒಂದು ಸಾಲು ಸೇರುತ್ತದೆ. ಕಂಪನಿಯವರು ಎರಡೂ ಕಾಗದಗಳನ್ನು ಅಕ್ಕಪಕ್ಕ ಇಡುತ್ತಾರೆ. ಹಣ ನಿರಾಕರಣೆಯಾಗುತ್ತದೆ, ಪಾಲಿಸಿಯೂ ರದ್ದಾಗುತ್ತದೆ. ಅಂದು ಜೊತೆಗಿದ್ದ ಏಜೆಂಟ್ ಇಂದು ಕಾಗದದ ಮೇಲೆ ಎಲ್ಲಿಯೂ ಇಲ್ಲ, ಇರುವುದು ಇವರ ಸಹಿ.

ಶುಗರ್ ಇದೆ ಎಂದು ಬರೆಸಿದ್ದರೆ ಏನಾಗುತ್ತಿತ್ತು? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಎರಡನೆಯ ವರ್ಷದಲ್ಲಿ ಶುಗರಿನಿಂದಲೇ ಆದ ತೊಂದರೆ ಎಂದು ಆ ಹೃದಯಾಘಾತದ ಹಣಕ್ಕೆ ಆಗಲೂ ಅಡ್ಡಿ ಬರಬಹುದಿತ್ತು. ಆದರೆ ಪಾಲಿಸಿ ಉಳಿಯುತ್ತಿತ್ತು. ಅದೇ ಎರಡು ವರ್ಷದಲ್ಲಿ ಡೆಂಗ್ಯೂ ಬಂದಿದ್ದರೆ, ಬೈಕಿನಿಂದ ಬಿದ್ದು ಕಾಲು ಮುರಿದಿದ್ದರೆ ಹಣ ಸಿಗುತ್ತಿತ್ತು. ಮೂರು ವರ್ಷ ತುಂಬಿದ ಮೇಲೆ ಶುಗರಿಗೂ, ಅದರಿಂದ ಬರುವ ಹೃದಯ, ಕಿಡ್ನಿ ತೊಂದರೆಗಳಿಗೂ ಹಣ ಸಿಗುತ್ತಿತ್ತು.

ಇಲ್ಲಿ ಒಂದು ಲೆಕ್ಕವನ್ನು ತಾವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕಾಯಿಲೆಯನ್ನು ಹೇಳಿದವರು ಕಾಯಬೇಕಾದದ್ದು ಹೆಚ್ಚೆಂದರೆ 36 ತಿಂಗಳು. ಮುಚ್ಚಿಟ್ಟವರ ಪಾಲಿಸಿಯನ್ನು ಕಂಪನಿ 60 ತಿಂಗಳವರೆಗೂ ಪ್ರಶ್ನಿಸಬಹುದು. ಮೊದಲು ಎಂಟು ವರ್ಷವಿದ್ದ ಈ ಅವಧಿಯನ್ನು 2024ರಲ್ಲಿ ಐದಕ್ಕೆ ಇಳಿಸಿದ್ದಾರೆ. ಐದು ವರ್ಷ ಎಡೆಬಿಡದೆ ಪಾಲಿಸಿ ನಡೆದ ಮೇಲೆ "ನೀವು ತಿಳಿಸಲಿಲ್ಲ" ಎಂದು ಕಂಪನಿ ಹಣ ನಿರಾಕರಿಸುವಂತಿಲ್ಲ, ವಂಚನೆ ಸಾಬೀತಾದರೆ ಮಾತ್ರ ನಿರಾಕರಿಸಬಹುದು. ಅಂದರೆ ಸತ್ಯ ಹೇಳಿದವರಿಗೆ ಮೂರು ವರ್ಷದ ಕಾಯುವಿಕೆ, ಮುಚ್ಚಿಟ್ಟವರಿಗೆ ಐದು ವರ್ಷದ ಭಯ. ಲಾಭ ಯಾವುದರಲ್ಲಿದೆ ಎಂಬುದನ್ನು ವ್ಯಾಪಾರಸ್ಥರಾದ ತಮಗೆ ನಾನು ಹೇಳಬೇಕಾಗಿಲ್ಲ.

ನ್ಯಾಯಾಲಯಗಳ ನಿಲುವೂ ಇದೇ ಆಗಿದೆ. 1990ರಲ್ಲಿ ಒಬ್ಬರು ಮೆಡಿಕ್ಲೇಮ್ ಪಾಲಿಸಿ ಪಡೆದು ಅದೇ ವರ್ಷ ತೀರಿಕೊಂಡರು. ಅವರಿಗೆ ಹಳೆಯ ಸಕ್ಕರೆ ಕಾಯಿಲೆ ಮತ್ತು ಕಿಡ್ನಿ ವೈಫಲ್ಯವಿತ್ತು, ಅರ್ಜಿಯಲ್ಲಿ ಮಾತ್ರ ಆರೋಗ್ಯ ಚೆನ್ನಾಗಿದೆ ಎಂದಿತ್ತು. 2009ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ನಿರಾಕರಣೆಯನ್ನು ಎತ್ತಿಹಿಡಿಯಿತು. ಇದು ಒಂದು ಮುಖ. ಇನ್ನೊಂದು ಮುಖವನ್ನೂ ನೋಡಿ. 2009ರಲ್ಲಿಯೇ ಅಮೆರಿಕ ಪ್ರವಾಸಕ್ಕೆ ಹೊರಟ ಒಬ್ಬರು ವಿಮೆ ಪಡೆಯುವಾಗ ತಮಗೆ ಸಕ್ಕರೆ ಕಾಯಿಲೆ ಇದೆಯೆಂದು ಬರೆಸಿದ್ದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುತ್ತಲೇ ಹೃದಯಾಘಾತವಾಗಿ ಸ್ಟೆಂಟ್ ಹಾಕಬೇಕಾಯಿತು. ಕಂಪನಿ ಹಣ ಕೊಡಲಿಲ್ಲ. 2021ರ ಡಿಸೆಂಬರ್ 6ರಂದು ಸುಪ್ರೀಂ ಕೋರ್ಟ್ ರೋಗಿಯ ಪರವಾಗಿ ತೀರ್ಪು ನೀಡಿತು. ಕಾಯಿಲೆಯ ವಿಷಯ ತಿಳಿದೂ ಪಾಲಿಸಿ ಕೊಟ್ಟ ಮೇಲೆ ಅದೇ ಕಾಯಿಲೆಯ ನೆಪದಿಂದ ಕಂಪನಿ ಹಿಂದೆ ಸರಿಯುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಅದನ್ನು ಬರೆದವರು ನಮ್ಮ ಕನ್ನಡ ನಾಡಿನವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು. ಮೊದಲನೆಯವರು ಬರೆಸಲಿಲ್ಲ, ಎರಡನೆಯವರು ಬರೆಸಿದರು. ಎರಡು ತೀರ್ಪುಗಳ ನಡುವಿನ ಅಂತರವೆಲ್ಲ ಆ ಒಂದು ಕಾಲಂನಲ್ಲಿದೆ.

ಮರೆತ ಪ್ರತಿಯೊಂದು ಸಣ್ಣ ಸಂಗತಿಗೂ ಹಣ ನಿರಾಕರಿಸಲು ಬರುತ್ತದೆ ಎಂದು ಹೆದರಬೇಕಾಗಿಲ್ಲ. 2015ರಲ್ಲಿ ಒಂದು ಜೀವವಿಮೆಯ ಪ್ರಕರಣದಲ್ಲಿ, ಬೆನ್ನುಮೂಳೆಯ ನೋವನ್ನು ತಿಳಿಸಿರದ ವ್ಯಕ್ತಿ ಹೃದಯಾಘಾತದಿಂದ ತೀರಿಕೊಂಡಿದ್ದರು. ಆ ನೋವು ಜೀವಕ್ಕೆ ಅಪಾಯ ತರುವಂಥದ್ದಲ್ಲ, ಸಾವಿಗೆ ಕಾರಣವೂ ಅಲ್ಲ ಎಂದು ಸುಪ್ರೀಂ ಕೋರ್ಟ್ ಹಣ ಕೊಡಿಸಿತು. ಕಾಯಿಲೆಯನ್ನು ಮುಚ್ಚಿಟ್ಟರು ಎಂದು ಹೇಳಿದರೆ ಸಾಲದು, ಅದನ್ನು ಸಾಬೀತು ಮಾಡುವ ಹೊಣೆ ಕಂಪನಿಯದೇ.

ವಿಮೆಯ ಒಪ್ಪಂದದಲ್ಲಿ ಎರಡೂ ಕಡೆಯವರು ಪೂರ್ಣ ಸತ್ಯ ಹೇಳಬೇಕೆಂಬ ತತ್ವಕ್ಕೆ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ 1766ರಲ್ಲಿ ನೀಡಿದ ತೀರ್ಪನ್ನು ಮೂಲವಾಗಿ ತೋರಿಸುತ್ತಾರೆ. ಆದರೆ ನಮಗೆ ಈ ತತ್ವ ಅದಕ್ಕಿಂತ ಬಹಳ ಹಳೆಯದು. ಮದೀನಾದ ಪೇಟೆಯಲ್ಲಿ ಪ್ರವಾದಿ ಮುಹಮ್ಮದರು(ಸ) ಒಂದು ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದಾಗ ಒಳಗೆ ಹಸಿ ತಗಲಿದ ಪ್ರಸಂಗ ತಮಗೆಲ್ಲ ಗೊತ್ತಿದೆ. ಮಳೆಗೆ ನೆನೆದದ್ದು ಎಂದ ವ್ಯಾಪಾರಿಗೆ, ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತಲ್ಲವೇ ಎಂದು ಅವರು ಕೇಳಿದರು. ಅರ್ಜಿಯ ಕಾಯಿಲೆಯ ಕಾಲಂ ನಮ್ಮ ರಾಶಿಯ ಮೇಲ್ಭಾಗ. ನೆನೆದದ್ದು ಅಲ್ಲಿ ಕಾಣಬೇಕು.

ವಿಮೆಯೇ ನಮಗೆ ಸಲ್ಲುತ್ತದೆಯೇ ಎಂಬ ಪ್ರಶ್ನೆಯೂ ಇಲ್ಲಿ ಕುಳಿತ ಕೆಲವರ ಮನಸ್ಸಿನಲ್ಲಿದೆ. ಜಿದ್ದಾದ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1985ರಲ್ಲಿ ವಾಣಿಜ್ಯ ವಿಮೆಯನ್ನು ಒಪ್ಪಲಿಲ್ಲ, ಪರಸ್ಪರ ಸಹಾಯದ ಸಹಕಾರಿ ವಿಮೆಯನ್ನು ಒಪ್ಪಿತು. ಮಲೇಷ್ಯಾ 1984ರಲ್ಲಿಯೇ ತಕಾಫುಲ್ ಕಾಯ್ದೆ ಮಾಡಿತ್ತು. ನಮ್ಮ ದೇಶದ ಪರಿಸ್ಥಿತಿಯಲ್ಲಿ ಏನು ಮಾಡಬೇಕೆಂಬುದನ್ನು ತಾವು ತಮ್ಮ ವಿಶ್ವಾಸದ ಆಲಿಮರನ್ನು ಕೇಳಿ ತಿಳಿಯಬೇಕು. ಅದನ್ನು ತೀರ್ಮಾನಿಸುವ ಅರ್ಹತೆ ನನಗಿಲ್ಲ. ಆದರೆ ಒಪ್ಪಂದ ಮಾಡಿಕೊಂಡ ಮೇಲೆ ಸತ್ಯ ಹೇಳಬೇಕೆಂಬ ವಿಷಯದಲ್ಲಿ ಯಾರಲ್ಲೂ ಭಿನ್ನಾಭಿಪ್ರಾಯವಿಲ್ಲ.

ಇನ್ನು ಕೆಲವು ಕಾರ್ಯರೂಪದ ಮಾತುಗಳು.

ಒಂದು, ಅರ್ಜಿಯನ್ನು ಏಜೆಂಟ್ ತುಂಬಿದರೂ ಮನೆಯ ಓದು ಬಲ್ಲವರು ಒಂದೊಂದು ಕಾಲಂ ಓದಿ ಹೇಳಬೇಕು. ಪಾಲಿಸಿಯ ಮುಖ್ಯ ಅಂಶಗಳನ್ನು ತಿಳಿಸುವ ಮಾಹಿತಿ ಪತ್ರವನ್ನು ಕಂಪನಿ ಕೊಡಲೇಬೇಕು, ಕೇಳಿದರೆ ಅದನ್ನು ಕನ್ನಡದಲ್ಲಿ ಪಡೆಯಬಹುದು. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಓದಿ, ಒಪ್ಪಿಗೆಯಾಗದಿದ್ದರೆ ಮರಳಿಸಲು ಅವಕಾಶವಿದೆ. ಅರ್ಜಿಯ ನಕಲು ಪ್ರತಿಯಲ್ಲಿ ಕಾಯಿಲೆಯ ವಿಷಯ ತಪ್ಪಾಗಿದ್ದರೆ ಕೂಡಲೇ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಪ್ರೀಮಿಯಂ ಸ್ವಲ್ಪ ಹೆಚ್ಚಾಗಬಹುದು, ಆಗಲಿ.

ಎರಡು, ನವೀಕರಣ ತಪ್ಪಿಸಬೇಡಿ. ವಾರ್ಷಿಕ ಪ್ರೀಮಿಯಂ ಕಟ್ಟಲು 30 ದಿನದ ರಿಯಾಯಿತಿ ಇದ್ದರೂ, ಆ ನಡುವಿನ ದಿನಗಳಲ್ಲಿ ಬಂದ ಕಾಯಿಲೆಗೆ ಭರವಸೆ ಇಲ್ಲ. ಅದನ್ನೂ ದಾಟಿದರೆ ಕಾದ ವರ್ಷಗಳೆಲ್ಲ ನೀರಿನಲ್ಲಿ ಹೋಮ. ಕಂಪನಿ ಬದಲಿಸಬೇಕೆಂದರೆ ಪಾಲಿಸಿ ಬಿಟ್ಟು ಹೊಸದು ಮಾಡಿಸಬೇಡಿ. 2011ರಿಂದ ಪೋರ್ಟಬಿಲಿಟಿ ಸೌಲಭ್ಯವಿದೆ, ಕಾದ ಅವಧಿಯೂ ಜೊತೆಗೆ ಬರುತ್ತದೆ. ನವೀಕರಣಕ್ಕೆ ಒಂದೂವರೆ ತಿಂಗಳು ಮುಂಚೆಯೇ ಅರ್ಜಿ ಹಾಕಿ. ವಿಮಾ ಮೊತ್ತ ಹೆಚ್ಚಿಸಿದರೆ, ಹೆಚ್ಚಿಸಿದ ಭಾಗಕ್ಕೆ ಕಾಯುವ ಅವಧಿ ಹೊಸದಾಗಿ ಆರಂಭವಾಗುತ್ತದೆ ಎಂಬುದೂ ನೆನಪಿರಲಿ.

ಮೂರು, ಇಲ್ಲಿಯ ಎಂಜಿನಿಯರಿಂಗ್ ಕಾಲೇಜಿನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ತರುಣರಿಗೆ ಒಂದು ಮಾತು. ಕಂಪನಿಗಳು ನೌಕರರಿಗೆ ಕೊಡುವ ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಹಳೆಯ ಕಾಯಿಲೆಗಳಿಗೂ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ. ತಂದೆ ತಾಯಿಯನ್ನು ಸೇರಿಸಲು ಅವಕಾಶವಿದ್ದರೆ ಮೊದಲ ವಾರದಲ್ಲಿಯೇ ಸೇರಿಸಿ. ಆದರೆ ಕೆಲಸ ಬಿಟ್ಟ ದಿನ ಅದು ಮುಗಿಯುತ್ತದೆ. ಆದ್ದರಿಂದ ತಂದೆ ತಾಯಿಯ ಹೆಸರಿನಲ್ಲಿ ಬೇರೆ ಪಾಲಿಸಿಯೊಂದನ್ನು ಇಂದೇ ಆರಂಭಿಸಿದರೆ ಮೂರು ವರ್ಷದ ಗಡಿಯಾರ ಇಂದಿನಿಂದಲೇ ಓಡುತ್ತದೆ.

ನಾಲ್ಕು, ಬಿಪಿಎಲ್ ಕಾರ್ಡು ಇರುವ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಗಳಿಗೆ ನಿಗದಿತ ದರದ ಶೇಕಡ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ದೊರೆಯುತ್ತದೆ. ಅಲ್ಲಿ ಹಳೆಯ ಕಾಯಿಲೆ ಎಂಬ ಪ್ರಶ್ನೆಯೇ ಬರುವುದಿಲ್ಲ. ತುರ್ತು ಇಲ್ಲದಿದ್ದಾಗ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಇಎಸ್‌ಐ ಇರುವ ಕಾರ್ಮಿಕರಿಗೂ ಹೀಗೆಯೇ. ಖಾಸಗಿ ವಿಮೆ ಮಾಡಿಸುವ ಮುಂಚೆ ನಮ್ಮ ಹಕ್ಕಿನ ಯೋಜನೆ ಯಾವುದು ಎಂದು ನೋಡಿಕೊಳ್ಳಬೇಕು.

ಐದು, ಆಸ್ಪತ್ರೆಯಲ್ಲಿ ಕಾಯಿಲೆಯ ಇತಿಹಾಸ ಹೇಳುವಾಗ ನಿಜವನ್ನು, ನಿಖರವಾಗಿ ಹೇಳಿ. ಎರಡು ವರ್ಷದ ಬಿಪಿಯನ್ನು ಗಾಬರಿಯಲ್ಲಿ "ಬಹಳ ವರ್ಷದಿಂದ" ಎಂದುಬಿಟ್ಟರೆ ಆ ಮಾತೇ ದಾಖಲೆಯಾಗುತ್ತದೆ. ಹಾಗೆ ತಪ್ಪಾಗಿ ಬರೆದಿದ್ದರೆ ಹಳೆಯ ಚೀಟಿಗಳನ್ನು ತೋರಿಸಿ, ಚಿಕಿತ್ಸೆ ನೀಡಿದ ವೈದ್ಯರಿಂದ ಲಿಖಿತ ತಿದ್ದುಪಡಿ ಪಡೆಯಿರಿ. ವೈದ್ಯರಿಗೆ ಸುಳ್ಳು ಹೇಳುವುದು ಮಾತ್ರ ಎಂದಿಗೂ ಬೇಡ, ಅದು ಹಣಕ್ಕಲ್ಲ, ಪ್ರಾಣಕ್ಕೇ ಕುತ್ತು.

ಇಷ್ಟಾದರೂ ಹಣ ನಿರಾಕರಿಸಿದರೆ? ಕೈ ಚೆಲ್ಲಿ ಕೂಡಬಾರದು. 2024ರ ಮೇ ತಿಂಗಳ ಪ್ರಾಧಿಕಾರದ ಸುತ್ತೋಲೆಯಂತೆ, ಕಂಪನಿಯ ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ಪಾಲಿಸಿಯ ಯಾವ ಷರತ್ತಿನಂತೆ ತಿರಸ್ಕರಿಸಲಾಗಿದೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಪ್ರಾಧಿಕಾರದ ಬಿಮಾ ಭರೋಸಾದಲ್ಲಿ, ಅಂದರೆ 155255 ಸಂಖ್ಯೆಗೆ ಕರೆ ಮಾಡಿಯೂ, ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಾಗಿಲ್ಲ, 50 ಲಕ್ಷ ರೂಪಾಯಿವರೆಗಿನ ಪರಿಹಾರ ನೀಡುವ ಅಧಿಕಾರವಿದೆ. ಅದಲ್ಲದೆ ಬಾಗಲಕೋಟೆಯಲ್ಲಿಯೇ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ತಾವು ವಾಸಿಸುವ ಜಿಲ್ಲೆಯಲ್ಲಿಯೇ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು.

ಕೊನೆಯದಾಗಿ ಸಂಸ್ಥೆಯ ಹಿರಿಯರಲ್ಲಿ ಒಂದು ವಿನಂತಿ. ವರ್ಷಕ್ಕೆ ಎರಡು ಭಾನುವಾರ ನಮ್ಮ ಶಾಲೆಯ ಒಂದು ಕೋಣೆಯನ್ನು ಇದಕ್ಕಾಗಿ ತೆರೆದಿಡಿ. ಜನ ತಮ್ಮ ಪಾಲಿಸಿ, ಅರ್ಜಿಯ ನಕಲು, ತಿರಸ್ಕಾರದ ಪತ್ರ ತರಲಿ. ನಮ್ಮ ಪದವಿ ವಿದ್ಯಾರ್ಥಿಗಳು ಓದಿ ಕನ್ನಡದಲ್ಲಿ, ಉರ್ದುವಿನಲ್ಲಿ ತಿಳಿಸಿ ಹೇಳಲಿ, ದೂರು ಬರೆದುಕೊಡಲಿ. ಸಂಸ್ಥೆಗೆ ಇದರಿಂದ ಖರ್ಚೇನೂ ಇಲ್ಲ. ವಿದ್ಯಾರ್ಥಿ ಮಿತ್ರರೇ, ತಾವು ಇಂದು ಮನೆಗೆ ಹೋದ ಮೇಲೆ ಕಪಾಟಿನಲ್ಲಿರುವ ಪಾಲಿಸಿಯನ್ನು ತೆಗೆದು, ಕಾಯಿಲೆಯ ಕಾಲಂನಲ್ಲಿ ಏನು ಬರೆದಿದೆ ಎಂದು ಅಬ್ಬಾ, ಅಮ್ಮಿಯ ಮುಂದೆ ಓದಿರಿ. ಅವರು ತಮ್ಮನ್ನು ಓದಿಸಿದ್ದಕ್ಕೆ ಅದು ಮೊದಲ ಪ್ರತಿಫಲವಾಗಲಿ.

 ಅಲ್ಲಾಹನು ಎಲ್ಲರಿಗೂ ಆರೋಗ್ಯ ಕರುಣಿಸಲಿ.